ಕತ್ತರಿಸಿ ಓದುವ ವಿದ್ಯೆ

ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಕೋಗಳಿಗೆ ಹೋದ ವಾಚಕರು ಅಲ್ಲಿಯ ಪುರಾತನ ಬಸದಿಯನ್ನೂ ಶಿಲಾಶಾಸನಗಳನ್ನೂ ಕಂಡಿರಬಹುದು. 'ಕೋಗಳಿ ಐನೂರು' ಎಂಬ ಪ್ರಾಚೀನ ನಾಡಿಗೆ ಹೆಸರನ್ನಿತ್ತ ಊರು ಅದು. ಅಂತಹ ಶಾಸನವೊಂದು ಒಡೆದು ಚೂರುಗಳಾಗಿದೆಯೆಂದು ಭಾವಿಸೋಣ. ಒಂದೊಂದು ಚೂರಿನ ಅಕ್ಷರಗಳನ್ನು ಓದಬಹುದು. ಆದರೆ ಯಾವುದರ ಮುಂದೆ ಯಾವುದು ಬರಬೇಕೆಂಬುದು ತಿಳಿಯದು. ಅದೇ ಶಾಸನದ ಮತ್ತೊಂದು ಪ್ರತಿ, ಬೇರೆ ಎಡೆಗಳಲ್ಲಿ ಒಡೆದದ್ದು, ದೊರೆತರೆ? ಮೊದಲನೆಯದರ ಬಿರುಕುಗಳು ಎರಡನೆಯದರ ಚೂರುಗಳ ನಡುವೆ ಬೀಳುವುದರಿಂದ ಪಾಠವನ್ನು ಕೂಡಿಸಬಹುದು. ಪ್ರೋಟೀನುಗಳ ರಚನೆಯನ್ನು ಓದುವ ವಿಜ್ಞಾನಿಗಳ ಮಾರ್ಗವೂ ಇದೇ.

ಪ್ರೋಟೀನೆಂದರೆ ಅಮೈನೋ ಆಮ್ಲಗಳ ಸರಪಳಿ. ಇಪ್ಪತ್ತು ಬಗೆಯ ಈ ಕೊಂಡಿಗಳು ಯಾವ ಕ್ರಮದಲ್ಲಿ ಕೂಡಿವೆಯೆಂಬುದನ್ನೇ ಪ್ರೋಟೀನಿನ ಗುಣವು ಅವಲಂಬಿಸಿದೆ. ಸರಪಳಿಯು ಬಹಳ ಉದ್ದವಾದುದರಿಂದ ಕತ್ತರಿಸಿಯೇ ಓದಬೇಕು. ಆದರೆ ಮನಬಂದಂತೆ ಕತ್ತರಿಸಿದರೆ ಫಲವಿಲ್ಲ; ನಿಯಮವನ್ನು ಮೀರದ ಕತ್ತರಿ ಬೇಕು.

ಅಂತಹ ಕತ್ತರಿ ನಮ್ಮ ದೇಹದಲ್ಲಿಯೇ ಇದೆ. ಮೇದೋಜೀರಕ ಗ್ರಂಥಿಯಿಂದ ಕರುಳಿಗೆ ಹರಿಯುವ ರಸದಿಂದ ದೊರೆಯುವ ಟ್ರಿಪ್ಸಿನ್ ಎಂಬ ಕಿಣ್ವವು ಲೈಸೀನ್ ಇಲ್ಲವೆ ಆರ್ಜಿನೀನ್ ಬಂದೊಡನೆ ಅದರ ಮುಂದಿನ ಬಂಧವನ್ನು ಕಡಿಯುತ್ತದೆ. ಮುಂದೆ ಪ್ರೋಲೀನ್ ಇದ್ದಲ್ಲಿ ಮಾತ್ರ ಸಾಮಾನ್ಯವಾಗಿ ಕಡಿಯದು. ಪ್ರಯೋಗಶಾಲೆಯಲ್ಲಿ ಪ್ರೋಟೀನಿನ ಮಡಿಕೆಗಳನ್ನು ಬಿಡಿಸಿ, ಅದರ ಗಂಧಕದ ಸೇತುವೆಗಳನ್ನು ಮುರಿದು, ತುಸು ಕ್ಷಾರೀಯವಾದ ದ್ರಾವಣದಲ್ಲಿ ಟ್ರಿಪ್ಸಿನ್ ಬೆರೆಸಿ, 37 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಸಾಮಾನ್ಯವಾಗಿ ಒಂದು ರಾತ್ರಿ ಇಡುತ್ತಾರೆ.

ಒಂದು ಚಿಕ್ಕ ಉದಾಹರಣೆಯನ್ನು ನೋಡೋಣ. ಟ್ರಿಪ್ಸಿನ್ ಕಡಿದಾಗ ಮೂರು ತುಂಡುಗಳು ಬಂದಿವೆ: ಗ್ಲೈಸೀನ್–ಲೈಸೀನ್, ಅಲನೀನ್–ಫಿನೈಲಲನೀನ್–ಸೆರೀನ್–ಆರ್ಜಿನೀನ್, ವ್ಯಾಲೀನ್. ಲೈಸೀನಾಗಲಿ ಆರ್ಜಿನೀನಾಗಲಿ ಇಲ್ಲದ ವ್ಯಾಲೀನ್ ತುಂಡು ಕೊನೆಯದೆಂಬುದು ಸ್ಪಷ್ಟ. ಉಳಿದೆರಡರಲ್ಲಿ ಮೊದಲನೆಯದಾವುದು? ಈಗ ಅದೇ ಸರಪಳಿಯನ್ನು ಫಿನೈಲಲನೀನಿನಂತಹ ಕೊಂಡಿಗಳ ಮುಂದೆ ಕಡಿಯುವ ಕೈಮೋಟ್ರಿಪ್ಸಿನ್ನಿಗೆ ಒಪ್ಪಿಸಿದರೆ ಗ್ಲೈಸೀನ್–ಲೈಸೀನ್–ಅಲನೀನ್–ಫಿನೈಲಲನೀನ್ ಎಂಬ ತುಂಡು ದೊರೆಯುತ್ತದೆ. ಲೈಸೀನಿನ ಬೆನ್ನಿಗೆ ಅಲನೀನ್ ನಿಂತಿರುವುದು ಇದರಲ್ಲಿ ಕಾಣುತ್ತದೆ. ಸಂದೇಹ ಪರಿಹಾರವಾಯಿತು! 51 ಕೊಂಡಿಗಳ ಇನ್ಸುಲಿನ್ನನ್ನು ಹೀಗೆ ತುಂಡುಗಳನ್ನು ಹೊಂದಿಸಿ ಓದಿದ ಫ್ರೆಡರಿಕ್ ಸ್ಯಾಂಗರ್ 1958ರಲ್ಲಿ ನೊಬೆಲ್ ಪಾರಿತೋಷಕ ಪಡೆದರು.

ತುಂಡಿನೊಳಗಿನ ಅಕ್ಷರಗಳನ್ನು ಓದುವುದು ಹೇಗೆ? ಇಲ್ಲಿ ಭೌತವಿಜ್ಞಾನವು ನೆರವಿಗೆ ಬರುತ್ತದೆ. ದ್ರವ್ಯರಾಶಿ ರೋಹಿತಮಾಪಕವು ತುಂಡುಗಳಿಗೆ ವಿದ್ಯುದಾವೇಶವನ್ನಿತ್ತು, ವಿದ್ಯುತ್ ಕ್ಷೇತ್ರದಲ್ಲಿ ಅವುಗಳ ಚಲನೆಯಿಂದ ತೂಕವನ್ನು ಅರಿಯುತ್ತದೆ. ಬಳಿಕ ಅನಿಲದ ಅಣುಗಳಿಗೆ ಅವನ್ನು ತಾಕಿಸಿ ಇನ್ನೂ ಒಡೆಯುತ್ತಾರೆ. ಒಂದು ಕೊಂಡಿಯಷ್ಟೇ ಹೆಚ್ಚುಕಡಿಮೆಯಿರುವ ಎರಡು ಚೂರುಗಳ ಅಂತರವು 57 ಆದರೆ ಆ ಕೊಂಡಿ ಗ್ಲೈಸೀನ್, 71 ಆದರೆ ಅಲನೀನ್. ಈ ತಕ್ಕಡಿಗೂ ಮಿತಿಯುಂಟು: ಲ್ಯೂಸೀನ್, ಐಸೊಲ್ಯೂಸೀನ್ ಎರಡೂ 113ರಷ್ಟೇ ತೂಗುತ್ತವೆ.

ಒಂದು ಕೊಂಡಿ ತಪ್ಪಿದರೆ ಏನಾದೀತು? ಕುಡುಗೋಲು ಕಣ ರೋಗವೇ ಉತ್ತರ. ಹಿಮೋಗ್ಲೋಬಿನ್ನಿನ ಬೀಟಾ ಸರಪಳಿಯ ಆರನೆಯ ಸ್ಥಾನದಲ್ಲಿ ಗ್ಲುಟಾಮಿಕ್ ಆಮ್ಲದ ಬದಲು ವ್ಯಾಲೀನ್ ಬಂದುದೇ ಅದರ ಮೂಲ. ವರ್ನನ್ ಇಂಗ್ರಾಂ ಟ್ರಿಪ್ಸಿನ್ನಿನಿಂದ ಕಡಿದ ತುಂಡುಗಳನ್ನು ಕಾಗದದ ಮೇಲೆ ಹರಡಿ, ಒಂದೇ ತುಂಡು ಭಿನ್ನವಾಗಿರುವುದನ್ನು 1956ರಲ್ಲಿ ತೋರಿಸಿದರು. ಇಂದಿನ ರೋಹಿತಮಾಪಕದಲ್ಲಿ ಎಂಟು ಕೊಂಡಿಗಳ ಆ ತುಂಡು 129ರ ಬದಲು 99 ಸೇರಿದ್ದರಿಂದ 30ರಷ್ಟು ಹಗುರವಾಗಿ ಕಾಣುತ್ತದೆ. ರೋಗಿಯ ನೋವೆಲ್ಲಕ್ಕೂ ಮೂಲವು ಈ ಮೂವತ್ತರ ವ್ಯತ್ಯಾಸ!

ನಮ್ಮ ನಾಡಿನಲ್ಲಿಯೂ ಈ ವಿದ್ಯೆ ದೊಡ್ಡ ಫಲವನ್ನಿತ್ತಿದೆ. ಬೆಂಗಳೂರಿನ ಇನ್‌ಸ್ಟಿಟ್ಯೂಟ್ ಆಫ್ ಬಯೋಇನ್ಫರ್ಮ್ಯಾಟಿಕ್ಸ್ ಸಂಸ್ಥೆಯೂ ಅಮೆರಿಕದ ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾಲಯವೂ ಕೂಡಿ ಮಾನವ ಪ್ರೋಟೀನುಗಳ ಕರಡು ನಕ್ಷೆಯೊಂದನ್ನು 2014ರಲ್ಲಿ ಪ್ರಕಟಿಸಿದವು. 30 ಬಗೆಯ ಅಂಗಾಂಶ ಮತ್ತು ಜೀವಕೋಶಗಳ ಪ್ರೋಟೀನುಗಳನ್ನು ಟ್ರಿಪ್ಸಿನ್ನಿನಿಂದ ಕತ್ತರಿಸಿ ಓದಿದಾಗ 17,294 ಜೀನ್‌ಗಳ ಪ್ರೋಟೀನುಗಳು ಗೋಚರಿಸಿದವು. ಇದು ಅಂದು ತಿಳಿದಿದ್ದ ಒಟ್ಟಿನ ಶೇಕಡ 84ರಷ್ಟು.

ಒಂದೇ ಕತ್ತರಿಯಿಂದ ಬಂದ ತುಂಡುಗಳಲ್ಲಿ ಕೆಲವು ತೀರ ಚಿಕ್ಕವಾಗಿ, ಕೆಲವು ತೀರ ಉದ್ದವಾಗಿ ಯಂತ್ರದ ಕಣ್ತಪ್ಪಿಸಿಕೊಳ್ಳುತ್ತವೆ. ಆದುದರಿಂದಲೇ ಬೇರೆ ಬೇರೆ ನಿಯಮಗಳ ಕಿಣ್ವಗಳು ಬೇಕು. ಒಡೆದ ಶಾಸನವನ್ನು ಓದಲು ಹೊರಟವನಿಗೆ ಬೇರೆಯಾಗಿ ಒಡೆದ ಇನ್ನೊಂದು ಪ್ರತಿಯೇ ಗುರು.