ಐಪಿ ಅಡ್ರೆಸ್ ಸಿಕ್ತು, ಸರಿ. ದೂರು ಯಾರಿಗೆ ಕೊಡೋದು?

ವಿಡಿಯೋದಲ್ಲಿ ಸ್ಕ್ರೀನ್ ತೋರಿಸಿ ಹೇಳಿದ್ದನ್ನ ಇಲ್ಲಿ ಸ್ವಲ್ಪ ಬಿಡಿಸಿ ಬರೆದಿದ್ದೀನಿ.

ಪುಣೆಯಲ್ಲಿ ಪರಿಚಯದವರು ಒಂದು ಪುಟ್ಟ ಕನ್ನಡ ಬಳಗ ನಡೆಸ್ತಾರೆ. ಅವರ ವೆಬ್‌ಸೈಟಿನ ಸಂಪರ್ಕ ಫಾರ್ಮ್ ಮೂಲಕ ಬಳಗದ ಒಬ್ಬ ಹೆಣ್ಣುಮಗಳ ಬಗ್ಗೆ ಅಸಹ್ಯವಾದ ಮೆಸೇಜುಗಳು ಬರೋಕೆ ಶುರುವಾದವು, ಅದೂ ಕನ್ನಡದಲ್ಲೇ. ಸರ್ವರ್ ಲಾಗ್‌ನಲ್ಲಿ ಐಪಿ ಸಿಕ್ತು. ಲೊಕೇಶನ್ ತೋರಿಸೋ ಸೈಟಿಗೆ ಹಾಕಿದ್ರೆ ಹೈದರಾಬಾದಿನ ಒಂದು ಏರಿಯಾ ಬಂತು. ಆಗಷ್ಟೇ ಕೆಲಸ ಬದಲಿಸಿ ಹೈದರಾಬಾದಿಗೆ ಹೋಗಿದ್ದ ಒಬ್ಬ ಹುಡುಗನ ಹೆಸರು ಗುಂಪಿನಲ್ಲಿ ಓಡಾಡೋಕೆ ಅಷ್ಟೇ ಸಾಕಾಯ್ತು.

ಆ ಪಿನ್ ಯಾರ ಮನೆಯನ್ನೂ ತೋರಿಸಲ್ಲ. ಹೆಚ್ಚಂದ್ರೆ ಇಂಟರ್ನೆಟ್ ಕಂಪನಿಯ ಗೇಟ್‌ವೇ ಇರೋ ಊರು ತೋರಿಸುತ್ತೆ. ಅಮೆರಿಕದಲ್ಲಿ ಎಲ್ಲಿಯದು ಅಂತ ತಿಳಿಯದ ಐಪಿಗಳನ್ನೆಲ್ಲ ಮ್ಯಾಕ್ಸ್‌ಮೈಂಡ್ ಕಂಪನಿ ದೇಶದ ನಡುಮಧ್ಯದ ಒಂದು ಬಿಂದುವಿಗೆ ಕಟ್ಟಿತ್ತು. ಅದು ಬಿದ್ದದ್ದು ಕ್ಯಾನ್ಸಸ್‌ನ ಒಂದು ತೋಟದ ಮನೆಗೆ. 60 ಕೋಟಿ ಐಪಿಗಳ ವಿಳಾಸ ಅದೇ! ಯಾರೋ ಮಾಡಿದ ಮೋಸಕ್ಕೆ ಪೊಲೀಸರು ಆ ಮನೆ ಬಾಗಿಲಿಗೆ ಬರೋರು. 2016ರಲ್ಲಿ ವಿಷಯ ಹೊರಬಿದ್ದ ಮೇಲೆ ಆ ಬಿಂದುವನ್ನ ಒಂದು ಕೆರೆಯ ಮಧ್ಯಕ್ಕೆ ಸರಿಸಿದ್ರು.

ಹಾಗಾದ್ರೆ ಐಪಿಯ ಒಡೆಯ ಯಾರು? ವ್ಯಕ್ತಿ ಅಲ್ಲ, ನೆಟ್‌ವರ್ಕ್. ಜಗತ್ತಿನ ಐಪಿಗಳನ್ನ ಐದು ಪ್ರಾದೇಶಿಕ ನೋಂದಣಿ ಸಂಸ್ಥೆಗಳು ಹಂಚುತ್ತವೆ. ನಮ್ಮ ಕಡೆಗೆ ಎಪಿನಿಕ್, ಅದರ ಕೆಳಗೆ ಭಾರತಕ್ಕೆ ಇರಿನ್. ಟರ್ಮಿನಲ್‌ನಲ್ಲಿ ಹೂಈಸ್ ಕಮಾಂಡ್ ಕೊಟ್ರೆ ದಾಖಲೆ ಬರುತ್ತೆ. ಎರಡು ರೇಂಜ್ ಕಂಡ್ರೆ ಚಿಕ್ಕದನ್ನ ನೋಡಿ, ನಿಜವಾಗಿ ಬಳಸ್ತಿರೋರು ಅಲ್ಲಿರ್ತಾರೆ. ನಿಮಗೆ ಬೇಕಾದ ಸಾಲು ಅಬ್ಯೂಸ್-ಮೇಲ್‌ಬಾಕ್ಸ್, ದೂರು ಹೋಗಬೇಕಾದ್ದು ಅದಕ್ಕೇ. ಅಡ್ಮಿನ್ ಅಂತ ಕಾಣೋ ಹೆಸರಿಗೆ ಫೋನ್ ಮಾಡಿ ಬೈಯೋಕೆ ಹೋಗಬೇಡಿ, ಆ ಮನುಷ್ಯ ನೆಟ್‌ವರ್ಕ್ ನೋಡ್ಕೊಳೋನು ಅಷ್ಟೇ. ಒಂದು ವೇಳೆ ಕ್ಲೌಡ್‌ಫ್ಲೇರ್ ಹೆಸರು ಬಂದ್ರೆ ನಿಮ್ಮದೇ ಸೈಟ್ ಅದರ ಹಿಂದೆ ಇದೆಯಾ ನೋಡಿ. ಹಾಗಿದ್ರೆ ಅಸಲಿ ಐಪಿ ಹೆಡರ್‌ನಲ್ಲಿರುತ್ತೆ.

ಈಗ ಎಲ್ಲರೂ ಎಡವೋ ಜಾಗ. ಐಪಿವಿ4 ವಿಳಾಸಗಳು ಸಾಲದ್ದಕ್ಕೆ ಕಂಪನಿಗಳು ಒಂದೇ ಪಬ್ಲಿಕ್ ಐಪಿಯನ್ನ ಎಷ್ಟೋ ಗ್ರಾಹಕರಿಗೆ ಹಂಚುತ್ತವೆ, ಸಿಜಿನ್ಯಾಟ್ ಅಂತಾರೆ. ಒಂದೇ ಅಪಾರ್ಟ್‌ಮೆಂಟ್ ಗೇಟಿನಿಂದ ನೂರು ಮನೆಯವರು ಹೊರಗೆ ಬಂದ ಹಾಗೆ. ಆ ಕ್ಷಣದಲ್ಲಿ ಯಾವ ಮನೆ ಅಂತ ಹೇಳೋದು ಸೋರ್ಸ್ ಪೋರ್ಟ್ ನಂಬರ್. ಎನ್‌ಜಿನ್ಎಕ್ಸ್ ಆಗಲಿ ಅಪಾಚೆ ಆಗಲಿ ತಾನಾಗೇ ಇದನ್ನ ಬರೆಯಲ್ಲ, ಲಾಗ್ ಫಾರ್ಮ್ಯಾಟ್‌ನಲ್ಲಿ ಇವತ್ತೇ ಸೇರಿಸಿ. ಟೈಮ್‌ಝೋನ್ ಕೂಡ ಬರೀರಿ. ಲಾಗ್ ಯುಟಿಸಿಯಲ್ಲಿದ್ದು ಅವರು ನಮ್ಮ ಸಮಯ ಅಂದ್ಕೊಂಡ್ರೆ ಐದೂವರೆ ಗಂಟೆ ವ್ಯತ್ಯಾಸ, ಪೂರ್ತಿ ಬೇರೆಯವರ ಮನೆ ಸಿಗುತ್ತೆ.

ದೂರಿನ ಮೇಲ್ ಚಿಕ್ಕದಾಗಿರಲಿ. ಐಪಿ, ಪೋರ್ಟ್, ಸಮಯ, ಲಾಗ್ ಸಾಲುಗಳು, ಏನಾಯ್ತು ಅಂತ ಎರಡು ವಾಕ್ಯ. ಮೆಸೇಜ್ ಕನ್ನಡದಲ್ಲಿದ್ರೆ ಮೂಲವನ್ನ ಹಾಗೇ ಹಾಕಿ, ಕೆಳಗೆ ಇಂಗ್ಲಿಷ್ ಅರ್ಥ ಕೊಡಿ. ಅವರಿಗೆ ನಮ್ಮ ಬೈಗುಳ ಹೇಗೆ ಗೊತ್ತಾಗಬೇಕು?

ಗ್ರಾಹಕರ ಹೆಸರು ಮಾತ್ರ ಕಂಪನಿ ನಿಮಗೆ ಕೊಡಲ್ಲ, ಕೊಡಲೂಬಾರದು. ಅದನ್ನ ಕೇಳೋ ಅಧಿಕಾರ ಪೊಲೀಸರಿಗೆ, ಕೋರ್ಟಿಗೆ. ಹಾಗಾಗಿ ಬೆದರಿಕೆ, ಅಶ್ಲೀಲ ಇದ್ರೆ ಸೈಬರ್‌ಕ್ರೈಮ್ ಡಾಟ್ ಗವ್ ಡಾಟ್ ಇನ್ ಪೋರ್ಟಲ್‌ನಲ್ಲೂ ಹಾಕಿ. 1930 ಇರೋದು ಮುಖ್ಯವಾಗಿ ಹಣದ ಮೋಸಕ್ಕೆ. ನಮ್ಮಂಥ ಹೊರಗಿರೋರಿಗೆ ಇನ್ನೊಂದು ಅನುಕೂಲ: ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಸೆಕ್ಷನ್ ಪ್ರಕಾರ ಅಪರಾಧ ಎಲ್ಲೇ ನಡೆದಿರಲಿ, ನೀವಿರೋ ಊರಿನ ಠಾಣೆಯಲ್ಲೇ ದೂರು ಕೊಡಬಹುದು. "ಅದು ಹೈದರಾಬಾದ್ ಕೇಸು, ಅಲ್ಲಿಗೆ ಹೋಗಿ" ಅಂದ್ರೆ ಝೀರೋ ಎಫ್‌ಐಆರ್ ಕೇಳಿ.

ತಡ ಮಾಡಬೇಡಿ. ಲಾಗ್‌ಗಳನ್ನ 180 ದಿನ ಇಡಬೇಕು ಅಂತ ಸರ್ಟ್-ಇನ್ 2022ರ ಏಪ್ರಿಲ್‌ನಲ್ಲಿ ಹೇಳಿದೆ, ಆದ್ರೆ ಕಡಿಮೆ ದುಡ್ಡಿನ ಹೋಸ್ಟಿಂಗ್‌ನಲ್ಲಿ ನಿಮ್ಮ ಲಾಗ್ ಕೆಲವೇ ದಿನಕ್ಕೆ ಅಳಿಸಿಹೋಗಬಹುದು. ಮೊದಲು ಡೌನ್‌ಲೋಡ್ ಮಾಡಿಟ್ಕೊಳ್ಳಿ. ಕಂಪನಿಯಿಂದ ಬರೋ ಟಿಕೆಟ್ ನಂಬರನ್ನೂ ಜೋಪಾನ ಮಾಡಿ, ಠಾಣೆಗೆ ಕೊಡೋ ಅರ್ಜಿಯಲ್ಲಿ ಅದನ್ನ ಸೇರಿಸಬೇಕು.