ದನಗಳ ನೆರಡಿ ರೋಗವೂ ಅದರ ವಿಷವೂ

ಸಂಜೆಯವರೆಗೆ ಮೇವು ತಿಂದು ನೆಟ್ಟಗಿದ್ದ ಹಸುವು ಬೆಳಗಾಗುವುದರೊಳಗೆ ಹಟ್ಟಿಯಲ್ಲಿ ಸತ್ತು ಬಿದ್ದಿದ್ದರೆ, ಹಾವು ಕಚ್ಚಿತೆಂದೋ ಯಾರೋ ವಿಷವಿಕ್ಕಿದರೆಂದೋ ಹೇಳುವುದು ನಮ್ಮಲ್ಲಿ ವಾಡಿಕೆ. ವಿಷವೆಂಬ ಮಾತು ಕೆಲವು ವೇಳೆ ನಿಜವೇ ಆಗಿರುತ್ತದೆ. ಆದರೆ ಆ ವಿಷವನ್ನಿಕ್ಕಿದವರು ಮನುಷ್ಯರಲ್ಲ, ಕಣ್ಣಿಗೆ ಕಾಣದ ಕ್ರಿಮಿಗಳು. ಅಂತಹ ಜಾಡ್ಯಗಳಲ್ಲಿ ಅತಿ ಘೋರವಾದುದು ಆಂಥ್ರಾಕ್ಸ್ ಎಂದು ಕರೆಯಲ್ಪಡುವ ನೆರಡಿ ರೋಗ. ಗ್ರಾಮದ ಮುಖಂಡರೂ ಜಮೀನುದಾರರೂ ಇದರ ಬಗೆಯನ್ನು ಅರಿತಿದ್ದರೆ, ಒಂದು ದನದ ಸಾವು ಇಡೀ ಊರಿನ ಕೇಡಾಗದಂತೆ ತಡೆಯಬಹುದು.

ಈ ಕ್ರಿಮಿಯು ಹೊರಗಣ ಗಾಳಿ ಸೋಂಕಿದರೆ ಗಟ್ಟಿ ಕವಚವುಳ್ಳ ಬೀಜಾಣುವಾಗಿ ಮಾರ್ಪಟ್ಟು, ಮಣ್ಣಿನಲ್ಲಿ ಹತ್ತಾರು ವರ್ಷ ಜೀವ ಹಿಡಿದಿರುತ್ತದೆ. ಸುಣ್ಣಾಂಶವುಳ್ಳ ನೆಲವು ಅದಕ್ಕೆ ಹಿತ. ಮಂಗಳೂರಿನ ಸುತ್ತಣ ಮುರಕಲ್ಲಿನ ನೆಲವು ಹುಳಿಮಣ್ಣಾದುದರಿಂದ ಅದಕ್ಕೆ ಅಷ್ಟಾಗಿ ಒಗ್ಗುವುದಿಲ್ಲ. ಆದರೆ ಇದನ್ನೇ ನಂಬಿ ನಿಶ್ಚಿಂತರಾಗಿರುವುದು ಸರಿಯಲ್ಲ. ಹಿಂದೆ ಸುಬ್ರಹ್ಮಣ್ಯದ ಷಷ್ಠಿ ಜಾತ್ರೆಗೆ ಘಟ್ಟದ ಮೇಲಿನ ದನಗಳು ಇಳಿದು ಬರುತ್ತಿದ್ದವು. ಈಗ ಹಸುಗಳೂ ಬೈಹುಲ್ಲೂ ಎಲುಬಿನ ಗೊಬ್ಬರವೂ ಲಾರಿಗಳಲ್ಲಿ ಬರುತ್ತವೆ. ಇವುಗಳೊಡನೆ ರೋಗವೂ ಘಟ್ಟವಿಳಿಯಬಹುದು.

ಇನ್ನು ವಿಷದ ಕೆಲಸವನ್ನು ನೋಡೋಣ. ದನದ ಮೈಯಲ್ಲಿ ರಕ್ತದ ಬಿಳಿಯ ಕಣಗಳೇ ಕಾವಲುಗಾರರು. ಹೊರಗಿನಿಂದ ಬಂದ ಕ್ರಿಮಿಗಳನ್ನು ಇವು ನುಂಗಿ ನಾಶಪಡಿಸುತ್ತವೆ. ಹುಲ್ಲಿನೊಡನೆ ಒಳಹೊಕ್ಕ ನೆರಡಿಯ ಬೀಜಾಣುವು ಅಂತಹ ಕಾವಲು ಕಣದೊಳಗೇ ಮೊಳೆತು, ಹೊರಬಿದ್ದು ರಕ್ತವನ್ನು ಸೇರುತ್ತದೆ. ಆಗ ಅದು ತನ್ನ ಸುತ್ತ ನುಣುಪಾದ ಹೊದಿಕೆಯನ್ನು ಬೆಳೆಸಿಕೊಳ್ಳುವುದರಿಂದ ಕಾವಲು ಕಣಗಳು ಅದನ್ನು ನುಂಗಲಾರವು. ಅಲ್ಲದೆ ಅದು ಪ್ರೋಟೀನು ಜಾತಿಯ 3 ಪದಾರ್ಥಗಳನ್ನು ಹೊರಚೆಲ್ಲುತ್ತದೆ. ಮೊದಲನೆಯದು ಜೀವಕೋಶದ ಹೊರಮೈಗೆ ಅಂಟಿ, ಬಳೆಯಂತೆ ಕೂಡಿಕೊಂಡು, ಉಳಿದೆರಡಕ್ಕೆ ಬಾಗಿಲು ತೆರೆಯುತ್ತದೆ. ಎರಡನೆಯದು ಒಳಹೊಕ್ಕು, ಅಪಾಯದ ಸುದ್ದಿಯನ್ನು ಕೋಶದೊಳಗೆ ಸಾಗಿಸುವ ಪದಾರ್ಥಗಳನ್ನು ಕತ್ತರಿಸಿಹಾಕುತ್ತದೆ. ಮೂರನೆಯದು ಕೋಶಗಳ ನೀರಿನ ಹದಗೆಡಿಸಿ ಬಾವು ಬರಿಸುವುದಲ್ಲದೆ, ಬಿಳಿಯ ಕಣಗಳ ನುಂಗುವ ಶಕ್ತಿಯನ್ನೂ ಕುಂದಿಸುತ್ತದೆ. ಕಳ್ಳನು ಮೊದಲು ಕಾವಲುಗಾರನ ಕೈಬಾಯಿ ಕಟ್ಟಿ ಅನಂತರ ಮನೆಯನ್ನು ದೋಚುವಂತೆ ಇದರ ರೀತಿ.

1954ರಲ್ಲಿ ಇಂಗ್ಲೆಂಡಿನ ಸ್ಮಿತ್ ಮತ್ತು ಕೆಪ್ಪಿ ಎಂಬ ವಿಜ್ಞಾನಿಗಳು ಗಿನಿಯಿಲಿಗಳ ಮೇಲೆ ಪ್ರಯೋಗ ನಡೆಸಿ, ಒಂದು ಮಿತಿಯನ್ನು ಮೀರಿದ ಮೇಲೆ ಔಷಧದಿಂದ ಕ್ರಿಮಿಗಳನ್ನು ಕೊಂದರೂ ಪ್ರಾಣಿಯು ಉಳಿಯುವುದಿಲ್ಲವೆಂದು ತೋರಿಸಿದರು. ಕ್ರಿಮಿ ಸತ್ತರೂ ಅದು ಚೆಲ್ಲಿದ ವಿಷವು ಸಾಯುವುದಿಲ್ಲ. ಆದುದರಿಂದ ಪೆನಿಸಿಲಿನ್ ಈ ರೋಗಕ್ಕೆ ಒಳ್ಳೆಯ ಮದ್ದಾದರೂ, ಜ್ವರದ ಆರಂಭದಲ್ಲೇ ಕೊಟ್ಟರೆ ಮಾತ್ರ ಫಲ. ದನವು ನೆಲಕ್ಕೆ ಬಿದ್ದ ಮೇಲೆ ವೈದ್ಯರನ್ನು ಕರೆಯುವುದು ಬಹುಮಟ್ಟಿಗೆ ವ್ಯರ್ಥ.

ಮುಂಜಾಗ್ರತೆಯೇ ಲೇಸೆಂಬುದು ಬಹಳ ಹಿಂದೆಯೇ ಸಿದ್ಧವಾಗಿದೆ. 1881ರಲ್ಲಿ ಫ್ರಾನ್ಸಿನ ಲೂಯಿ ಪಾಶ್ಚರರು ಬಹಿರಂಗವಾಗಿ ನಡೆಸಿದ ಪರೀಕ್ಷೆಯಲ್ಲಿ ಲಸಿಕೆ ಹಾಕದ 24 ಕುರಿಗಳೂ ಸತ್ತವು. ಲಸಿಕೆ ಪಡೆದವು ರೋಗವನ್ನು ಗೆದ್ದವು. ಈಗ ಬಳಕೆಯಲ್ಲಿರುವ ಲಸಿಕೆಯು 1930ರ ದಶಕದಲ್ಲಿ ದಕ್ಷಿಣ ಆಫ್ರಿಕದ ಮ್ಯಾಕ್ಸ್ ಸ್ಟರ್ನರು ಕಂಡುಹಿಡಿದ, ಹೊದಿಕೆಯಿಲ್ಲದ ದುರ್ಬಲ ತಳಿಯದು. ಇದು ರೋಗವನ್ನು ತಾರದೆ, ವಿಷವನ್ನು ಗುರುತಿಸಿ ತಡೆಯುವುದನ್ನು ದೇಹಕ್ಕೆ ಕಲಿಸುತ್ತದೆ. ಬೆಂಗಳೂರು ಹೆಬ್ಬಾಳದ ಪಶು ಆರೋಗ್ಯ ಮತ್ತು ಪಶುವೈದ್ಯಕೀಯ ಜೈವಿಕ ಸಂಸ್ಥೆಯಲ್ಲಿ ಈ ಲಸಿಕೆ ತಯಾರಾಗುತ್ತದೆ.

ಈ ಕೆಳಗಿನ ವಿಷಯಗಳನ್ನು ಲಕ್ಷ್ಯದಲ್ಲಿಡತಕ್ಕದ್ದು:

1. ದನವು ಹಠಾತ್ತಾಗಿ ಸತ್ತು, ಹೊಟ್ಟೆ ಬೇಗನೆ ಉಬ್ಬಿ, ಮೂಗು ಗುದಗಳಿಂದ ಹೆಪ್ಪುಗಟ್ಟದ ಕಪ್ಪು ರಕ್ತ ಸೋರಿದರೆ ನೆರಡಿಯೆಂದು ಶಂಕಿಸಿ ಪಶುವೈದ್ಯರಿಗೆ ಕೂಡಲೆ ತಿಳಿಸಬೇಕು. 2009ರ ಪ್ರಾಣಿಗಳ ಸಾಂಕ್ರಾಮಿಕ ರೋಗ ನಿಯಂತ್ರಣ ಕಾಯಿದೆಯ ಮೇರೆಗೂ ಇದು ಕರ್ತವ್ಯ.

2. ಹೆಣವನ್ನು ಕೊಯ್ಯಬಾರದು, ತೊಗಲು ಸುಲಿಯಬಾರದು, ಮಾಂಸ ಹಂಚಬಾರದು. ಮುಚ್ಚಿದ ಒಡಲಿನೊಳಗೆ ಕ್ರಿಮಿಗಳು ಕೊಳೆತು ಕೆಲವು ದಿನಗಳಲ್ಲಿ ಸಾಯುತ್ತವೆ. ಕೊಯ್ದರೆ ಗಾಳಿ ಸೋಂಕಿ ಬೀಜಾಣುಗಳಾಗಿ ನೆಲವನ್ನು ಕೆಡಿಸುತ್ತವೆ.

3. ವೈದ್ಯರ ಸಮ್ಮುಖದಲ್ಲಿ ಸುಡಬೇಕು, ಇಲ್ಲವೆ ಬಾವಿ ತೋಡುಗಳಿಂದ ದೂರ 6 ಅಡಿ ಆಳದಲ್ಲಿ ಹೂಳಬೇಕು. ಸುಣ್ಣ ಸುರಿದ ಮಾತ್ರಕ್ಕೆ ಬೀಜಾಣು ಸಾಯುವುದಿಲ್ಲ. ರಕ್ತ ಸೋಕಿದ ಹುಲ್ಲನ್ನೂ ಸುಡಬೇಕು.

4. ಆ ಹಟ್ಟಿಯ ಉಳಿದ ದನಗಳ ಜ್ವರವನ್ನು ನೋಡಿಸಿ, ಜ್ವರವಿದ್ದವಕ್ಕೆ ಮದ್ದು, ಇಲ್ಲದವಕ್ಕೆ ಲಸಿಕೆ ಕೊಡಿಸಬೇಕು. ಲಸಿಕೆಯೊಡನೆ ಪೆನಿಸಿಲಿನ್ ಕೊಟ್ಟರೆ ಲಸಿಕೆ ಕೆಡುತ್ತದೆ. ರೋಗ ಕಂಡ ಸ್ಥಳದಲ್ಲಿ ವರ್ಷಕ್ಕೊಮ್ಮೆ ಲಸಿಕೆ ಅಗತ್ಯ.

5. ಹೆಣ ಮುಟ್ಟಿದವರ ಕೈಯಲ್ಲಿ ನೋವಿಲ್ಲದ, ನಡುವೆ ಕಪ್ಪು ಹಕ್ಕಳೆಯುಳ್ಳ ಹುಣ್ಣು ಎದ್ದರೆ ತಡಮಾಡದೆ ಆಸ್ಪತ್ರೆಗೆ ಕಳುಹಿಸಬೇಕು.

ದನವನ್ನು ಕಳೆದುಕೊಂಡ ಬಡವನು ತೊಗಲಿನ ನಾಲ್ಕು ಕಾಸಾದರೂ ಬರಲೆಂದು ಎಣಿಸುವುದು ಸಹಜ. ಅವನನ್ನು ಗದರಿಸಿ ಫಲವಿಲ್ಲ. ಗುಂಡಿ ತೋಡಿಸುವ ಖರ್ಚನ್ನು ಊರವರು ಹೊತ್ತು, ಅವನ ನಷ್ಟದಲ್ಲಿ ಪಾಲುಗೊಂಡರೆ ಅವನು ಕತ್ತಿಯನ್ನು ಕೆಳಗಿಡುವನು. ಇದನ್ನು ನಡೆಸಿಕೊಡಬಲ್ಲವರು ಊರ ಹಿರಿಯರಾದ ತಾವೇ ಆಗಿದ್ದೀರಿ.