ರೂಟರಿನ ಹೊರಮುಖದ ಅನಿರೀಕ್ಷಿತ ಸಂಚಾರ: ಕಾರಣ ಮತ್ತು ಪರಿಶೀಲನೆ

ಕೊಡಗಿನ ಶನಿವಾರಸಂತೆಯ ಹೆಸರಿನಲ್ಲಿಯೇ ಸಂತೆಯ ದಿನವೂ ಅಡಗಿದೆ. ಅಂತರಜಾಲದ ಸಂತೆಗೆ ಅಂತಹ ಗೊತ್ತಾದ ದಿನವಿಲ್ಲ. ಮನೆಯ ಗಣಕ, ಮೊಬೈಲುಗಳೆಲ್ಲ ಸ್ತಬ್ಧವಾಗಿರುವ ನಡುರಾತ್ರಿಯಲ್ಲಿಯೂ ರೂಟರಿನ ದೀಪ ಮಿನುಗುವುದುಂಟು. ಇದನ್ನು ಕಂಡವರು ಯಾರೋ ಒಳನುಗ್ಗಿದ್ದಾರೆಂದು ಶಂಕಿಸುವುದು ಸಹಜ. ಆದರೆ ಹೊರಗಿನಿಂದ ಬರುವ ಸಂಚಾರವು ತಾನಾಗಿಯೇ ಅಪಾಯದ ಲಕ್ಷಣವಲ್ಲ. ರೂಟರು ಅದಕ್ಕೆ ನೀಡುವ ಉತ್ತರವೇ ನಿರ್ಣಾಯಕ.

ಅಂತರಜಾಲದ ನಾಲ್ಕನೆಯ ಆವೃತ್ತಿಯಲ್ಲಿರುವ ವಿಳಾಸಗಳು ಸುಮಾರು 429 ಕೋಟಿ ಮಾತ್ರ. 2013ರಲ್ಲಿ ಪ್ರಕಟವಾದ ಝಡ್‌ಮ್ಯಾಪ್ ಎಂಬ ತಂತ್ರಾಂಶವು ಇವೆಲ್ಲದರಲ್ಲಿ ಒಂದು ಪೋರ್ಟನ್ನು ಒಂದು ಗಂಟೆಯೊಳಗೆ ತಟ್ಟಿ ನೋಡಬಹುದೆಂಬುದನ್ನು ತೋರಿಸಿತು. ಹೀಗಾಗಿ ಸಾರ್ವಜನಿಕ ವಿಳಾಸವಿರುವ ಮನೆಯು ಬೆಂಗಳೂರಿನಲ್ಲಿರಲಿ, ಮಲೆನಾಡಿನ ತೋಟದ ನಡುವೆ ಇರಲಿ, ಅಪರಿಚಿತರು ಅದರ ಬಾಗಿಲು ತಟ್ಟುತ್ತಲೇ ಇರುತ್ತಾರೆ. ಒಳಗಿನಿಂದ ಕೋರಿಕೆ ಹೋಗದೆ ಬಂದ ಇಂತಹ ಪ್ಯಾಕೆಟುಗಳನ್ನು ಸರಿಯಾಗಿ ಹೊಂದಿಸಿದ ರೂಟರು ಕೈಬಿಡುತ್ತದೆ.

ಬಾಗಿಲು ತೆರೆದಿದ್ದರೆ ಆಗುವ ಹಾನಿಗೆ ಕರ್ನಾಟಕದಲ್ಲಿಯೇ ನಿದರ್ಶನವಿದೆ. 2016ರಲ್ಲಿ ಮಿರಾಯ್ ಎಂಬ ಕುತಂತ್ರಾಂಶವು ಟೆಲ್ನೆಟ್ಟಿನ 23ನೆಯ ಪೋರ್ಟನ್ನು ಹುಡುಕಿ, ಕಾರ್ಖಾನೆಯಲ್ಲಿ ಇಟ್ಟ ಗುಪ್ತಪದಗಳನ್ನು ಬಳಸಿ, ಜಗತ್ತಿನಾದ್ಯಂತ ಲಕ್ಷಾಂತರ ಸಾಧನಗಳನ್ನು ವಶಪಡಿಸಿಕೊಂಡಿತ್ತು. 2017ರ ಜುಲೈ ತಿಂಗಳಿನಲ್ಲಿ ರಾಜ್ಯದ ಬಿಎಸ್‌ಎನ್‌ಎಲ್ ಗ್ರಾಹಕರ ಸಾವಿರಾರು ಮೋಡೆಮುಗಳು ಕುತಂತ್ರಾಂಶದ ದಾಳಿಗೆ ತುತ್ತಾಗಿ ಸಂಪರ್ಕ ಕಡಿದುಹೋಯಿತು. ‘ಅಡ್ಮಿನ್’ ಎಂಬ ಮೂಲ ಗುಪ್ತಪದವನ್ನು ಬದಲಿಸದೆ ಉಳಿಸಿಕೊಂಡಿದ್ದ ಮೋಡೆಮುಗಳೇ ಇದಕ್ಕೆ ಬಲಿಯಾದವು. ಅದನ್ನು ಬದಲಿಸುವಂತೆ ಸಂಸ್ಥೆಯು ಗ್ರಾಹಕರಿಗೆ ಸೂಚಿಸಿತು.

ಪರಿಶೀಲನೆಯು ಕ್ರಮಬದ್ಧವಾಗಿರಬೇಕು. ಮೊದಲು ರೂಟರಿನ ಪುಟದಲ್ಲಿ ಹೊರಮುಖದ ವಿಳಾಸವನ್ನು ನೋಡಬೇಕು. ಅದು 100.64ರಿಂದ 100.127ರವರೆಗಿನ ಶ್ರೇಣಿಯಲ್ಲಿದ್ದರೆ, ಸೇವಾದಾತರು ಒಂದೇ ಸಾರ್ವಜನಿಕ ವಿಳಾಸವನ್ನು ಹಲವರಿಗೆ ಹಂಚಿದ್ದಾರೆಂದು ತಿಳಿಯಬೇಕು. ಆಗ ಹೊರಗಿನ ತಟ್ಟುವಿಕೆಯ ಬಹುಭಾಗ ಮನೆಯವರೆಗೆ ತಲುಪದು. ಎರಡನೆಯದಾಗಿ, ಒಳಗಿನ ತಂತಿಗಳನ್ನೆಲ್ಲ ಕಳಚಿ, ವೈಫೈ ನಿಲ್ಲಿಸಿ, ಒಳಬರುವ ಮತ್ತು ಹೊರಹೋಗುವ ಎಣಿಕೆಗಳನ್ನು ಬೇರೆಬೇರೆಯಾಗಿ ಗಮನಿಸಬೇಕು. ಒಳಬರುವುದು ಮಾತ್ರ ಅಲ್ಪಸ್ವಲ್ಪ ಏರುತ್ತಿದ್ದರೆ ಅದು ಸಂತೆಯ ಗದ್ದಲವಷ್ಟೆ. ಹೊರಹೋಗುವುದು ನಿಂತುಹೋದರೆ ಸಾಧನಗಳನ್ನು ಒಂದೊಂದಾಗಿ ಮರಳಿ ಜೋಡಿಸಿ, ಯಾವುದರಿಂದ ಅದು ಮತ್ತೆ ಏರುತ್ತದೆಂದು ಗುರುತಿಸಬೇಕು. ಎಲ್ಲವನ್ನೂ ಕಳಚಿದ ಮೇಲೂ ಹೊರಹರಿವು ಜೋರಾಗಿದ್ದರೆ ರೂಟರೇ ಶಂಕಾಸ್ಪದ. ಗಡಿಯಾರದ ಹೊಂದಾಣಿಕೆಗೆ ಹಾಗೂ ಸೇವಾದಾತರ ನಿರ್ವಹಣೆಗೆ ಬೇಕಾದ ಸಂಚಾರ ತೀರ ಅಲ್ಪ.

ಮಿರಾಯ್ ಸಾಧನದ ತಾತ್ಕಾಲಿಕ ಸ್ಮೃತಿಯಲ್ಲಿ ಮಾತ್ರ ನೆಲೆಸುತ್ತಿದ್ದುದರಿಂದ ವಿದ್ಯುತ್ ತೆಗೆದರೆ ಅಳಿಯುತ್ತಿತ್ತು. ಗುಪ್ತಪದ ಹಳೆಯದೇ ಆಗಿದ್ದರೆ ಮತ್ತೆ ಹೊಕ್ಕುತ್ತಿತ್ತು. ಆದ್ದರಿಂದ ಶಂಕಿತ ರೂಟರನ್ನು ಮೂಲಸ್ಥಿತಿಗೆ ತಂದು, ಮತ್ತೆ ಜಾಲಕ್ಕೆ ಒಡ್ಡುವ ಮೊದಲೇ ಗುಪ್ತಪದ ಬದಲಿಸಿ, ಹೊರಗಿನಿಂದ ನಿಯಂತ್ರಿಸುವ ಸೌಲಭ್ಯವನ್ನು ಮುಚ್ಚಬೇಕು. ಅನಂತರ ಅದರ ತಂತ್ರಾಂಶವನ್ನು ನವೀಕರಿಸಬೇಕು. ಬಾಗಿಲು ತಟ್ಟುವವರನ್ನು ತಡೆಯುವುದು ಗೃಹಸ್ಥರ ಕೈಯಲ್ಲಿಲ್ಲ. ಅಗುಳಿ ಹಾಕುವುದು ಮಾತ್ರ ಅವರ ಕೈಯಲ್ಲಿಯೇ ಇದೆ.